ವಿಯೆಟ್ನಾಮಿನಲ್ಲಿ ಕಂಟ್ರೋಲರ್ ಬಸ್ ತಪ್ಪಿಸಿಕೊಂಡದ್ದು

ಶಿಗ್ಗಾಂವ

ಬಸ್ ನಿಲ್ದಾಣದ ಕಂಟ್ರೋಲರ್ ಊರವರನ್ನೆಲ್ಲ ಊರೂರಿಗೆ ಕಳಿಸುತ್ತಾನೆ, ತಾನು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಮೂವತ್ತೆರಡು ವರ್ಷ ನಾನು ಮಾಡಿದ್ದು ಇದನ್ನೇ. ಹುಲಗೂರು, ದುಂಡಸಿ, ಸವಣೂರು, ಹಾನಗಲ್ ಎಂದು ಮೈಕಿನಲ್ಲಿ ಕೂಗುವುದು, ಹಾಳೆಯಲ್ಲಿ ಟಿಕ್ ಹಾಕುವುದು, ಕೆಳಗಿಳಿದು ಬಸ್ಸಿನ ಪಕ್ಕಕ್ಕೆ ಅಂಗೈಯಿಂದ ಎರಡು ಏಟು ಹೊಡೆದು ‘ಬಿಡ್ರಿ’ ಅನ್ನುವುದು. ಬಸ್ಸು ಹೋಗುತ್ತದೆ, ಧೂಳು ಉಳಿಯುತ್ತದೆ, ಧೂಳಿನಲ್ಲಿ ನಾನು ಉಳಿಯುತ್ತೇನೆ. ಇಂಥವನು ವಿಮಾನ ಹತ್ತಿ ವಿಯೆಟ್ನಾಮಿಗೆ ಹೋಗಿ ಬಂದದ್ದು ಹೇಗೆ ಎಂದು ನಮ್ಮ ಓಣಿಯವರು ಇನ್ನೂ ಕೇಳುತ್ತಿದ್ದಾರೆ. ಅದಕ್ಕೆ ಕಾರಣ ನನ್ನ ಹೆಂಡತಿ ಕಸ್ತೂರಿ ಮತ್ತು ಅವಳ ತವರುಮನೆಯ ವೀಳ್ಯದೆಲೆಯ ತೋಟ.

ಎಂಟು ತಿಂಗಳ ಹಿಂದೆ ನಿವೃತ್ತನಾದಾಗ ಸಹೋದ್ಯೋಗಿಗಳು ಶಾಲು ಹೊದಿಸಿ ಕೈಗೊಂದು ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರ ಕೊಟ್ಟದ್ದೇ ತಪ್ಪಾಯಿತು ಎಂದು ಕಸ್ತೂರಿ ಹೇಳುತ್ತಾಳೆ. ಸ್ಟ್ಯಾಂಡ್ ನನ್ನನ್ನು ಬಿಟ್ಟಿತ್ತು, ನಾನು ಸ್ಟ್ಯಾಂಡನ್ನು ಬಿಡಲಿಲ್ಲ, ಮನೆಗೇ ತಂದೆ. ಏಳಕ್ಕೆ ಚಹಾ, ಏಳೂವರೆಗೆ ಸ್ನಾನ, ಹನ್ನೆರಡೂವರೆಗೆ ಊಟ, ಹನ್ನೆರಡೂ ನಲವತ್ತಕ್ಕೆ ಎಲೆಯಡಿಕೆ. ಹಾಲಿನವನು ನಾಲ್ಕು ನಿಮಿಷ ತಡ ಮಾಡಿದರೆ ಗೇಟಿನಲ್ಲಿ ನಿಂತು ಕಾರಣ ಕೇಳುತ್ತಿದ್ದೆ. ಮೂರನೆಯ ವಾರದಿಂದ ಅವನು ನಮ್ಮ ಹಾಲನ್ನು ಪಕ್ಕದ ಮನೆಯ ಕಟ್ಟೆಯ ಮೇಲಿಟ್ಟು ಹೋಗತೊಡಗಿದ.

ಒಂದು ದಿನ ಕಸ್ತೂರಿ ರೊಟ್ಟಿ ಬಡಿಯುತ್ತ, ಕೈ ನಿಲ್ಲಿಸದೆ ಹೇಳಿದಳು. “ನಾ ಸವಣೂರಿಗೆ ಹೋಗಿ ಇರ್ತೇನ್ರಿ. ಅಣ್ಣನ ತೋಟದಾಗ ಎಲಿ ಕಟ್ಟಾಕ ಮಂದಿ ಸಿಗವಲ್ರು.”

“ಎಷ್ಟ ದಿವಸ?”

“ಅದನ್ನ ಎಣಿಸಿಲ್ಲ. ಎಣಿಸೂದ ಸಾಕಾಗೇತಿ.”

ಕಸ್ತೂರಿ ಜಗಳ ಆಡುವವಳಲ್ಲ. ಜಗಳ ಆಡಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಹಾನಗಲ್ಲಿಗೆ ಕೊಟ್ಟ ನಮ್ಮ ಮಗಳು ಸುಧಾ ಓಡಿಬಂದಳು. ಅವ್ವನನ್ನು ಒಳಗೆ ಕರೆದುಕೊಂಡು ಹೋಗಿ ಏನೇನೋ ಮಾತಾಡಿ, ಹೊರಗೆ ಬಂದು ತೀರ್ಪು ಹೇಳಿದಳು. “ಅಪ್ಪ, ನೀವಿಬ್ರೂ ಕೂಡಿ ಎಂದೂ ಎಲ್ಲಿಗೂ ಹೋಗಿಲ್ಲ. ಹುಬ್ಬಳ್ಳಿಯಿಂದ ಒಂದು ತಂಡ ಒಂಬತ್ತು ದಿನ ವಿಯೆಟ್ನಾಮಿಗೆ ಹೊಂಟೈತಿ. ಹೋಗಿ ಬರ್ರಿ. ಅವ್ವ ಆಮ್ಯಾಲೆ ಸವಣೂರಿಗೆ ಹೋಗ್ತಾಳ.”

“ಬಂದ ಮರುದಿವಸ ಹೋಗಾಕಿ,” ಎಂದು ಒಳಗಿಂದ ದನಿ ಬಂತು.

ಅಂದರೆ ನನಗೆ ಒಂಬತ್ತು ದಿನ ಸಿಕ್ಕವು. ಈ ಒಂಬತ್ತು ದಿನಗಳಲ್ಲಿ ಎಲ್ಲವನ್ನೂ ಎಷ್ಟು ಅಚ್ಚುಕಟ್ಟಾಗಿ, ಎಷ್ಟು ಹೊತ್ತಿಗೆ ಸರಿಯಾಗಿ ನಡೆಸುತ್ತೇನೆಂದರೆ, ಇಂಥ ಗಂಡನನ್ನು ಬಿಟ್ಟು ಎಲೆ ಕಟ್ಟಲು ಯಾರು ಹೋಗುತ್ತಾರೆ ಎಂದು ಅವಳಿಗೇ ಅನ್ನಿಸಬೇಕು. ಇದು ನನ್ನ ಉಪಾಯ. ಓದುತ್ತಿರುವ ನಿಮಗೆ ಇದರ ಹುಳುಕು ಆಗಲೇ ಕಂಡಿರಬಹುದು. ನನಗೆ ಕಂಡಿರಲಿಲ್ಲ.

ಹನೋಯ್

ತಂಡದಲ್ಲಿ ಇಪ್ಪತ್ತೆರಡು ಜನ. ಕರೆದುಕೊಂಡು ಹೋದವನು ಹುಬ್ಬಳ್ಳಿಯ ವಿನಾಯಕ, ಕೈಯಲ್ಲಿ ಸದಾ ಒಂದು ನೀಲಿ ಬಾವುಟ. ಮೊದಲ ಬೆಳಿಗ್ಗೆ ಏಳೂವರೆಗೆ ಕೆಳಗೆ ಸೇರಬೇಕು ಎಂದಿದ್ದ. ನಾನು ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಸೇರಿದೆ. ನಾನೊಬ್ಬನೇ ಸೇರಿ ಏನು ಮಾಡುವುದು ಎಂದು ಮತ್ತೆ ಮೇಲೆ ಹೋಗಿ ಎಲ್ಲರ ಬಾಗಿಲನ್ನೂ ಬಡಿದೆ. ಹಿರೇಕೆರೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ಬಸವಂತಪ್ಪನವರು ಮುಖಕ್ಕೆ ಸೋಪು ಹಚ್ಚಿಕೊಂಡೇ ಬಾಗಿಲು ತೆರೆದು, “ಬೆಂಕಿ ಹತ್ತೇತೇನ್ರಿ?” ಎಂದು ಕೇಳಿದರು.

ವಿನಾಯಕನಿಗೆ ಮಾತ್ರ ಬಹಳ ಖುಷಿಯಾಯಿತು. “ಅಂಕಲ್, ನೀವು ಕಂಟ್ರೋಲರ್ ಇದ್ರೆಂತಲ್ರಿ. ಈ ಲಿಸ್ಟ್ ನಿಮ್ಮ ಕಡೀನ ಇರ್ಲಿ. ಬಸ್ ಹತ್ತುಮುಂದ ಟಿಕ್ ಹಾಕ್ಕೋತ ಹೋಗ್ರಿ.” ಹಾಳೆ ಬಂತು, ಪೆನ್ನು ಬಂತು. ಎಂಟು ತಿಂಗಳಾದ ಮೇಲೆ ನನಗೆ ಜೀವ ಬಂತು. ಕಸ್ತೂರಿ ಆ ಹಾಳೆಯನ್ನು ಸವತಿಯನ್ನು ನೋಡುವಂತೆ ನೋಡಿದಳು.

ಹನೋಯ್‌ನಲ್ಲಿ ನೋಡಬೇಕಾದ್ದು ಬಹಳ ಇದೆಯಂತೆ. ನನಗೆ ನೆನಪಿರುವುದು ರಸ್ತೆ ದಾಟಿದ್ದು. ಅಲ್ಲಿ ಸ್ಕೂಟರುಗಳು ಬರುವುದು ತೂಬು ಒಡೆದ ನೀರಿನ ಹಾಗೆ, ನಡುವೆ ಬಿಡುವೇ ಇಲ್ಲ. ಒಂದರ ಮೇಲೆ ನಾಲ್ಕು ಜನ, ಇನ್ನೊಂದರ ಮೇಲೆ ಆಳುದ್ದದ ಕನ್ನಡಿ, ಮತ್ತೊಂದರ ಮೇಲೆ ಕುಂಡದ ಸಮೇತ ಕಿತ್ತಳೆ ಗಿಡ. ವಿನಾಯಕ ಹೇಳಿದ, “ಓಡಬ್ಯಾಡ್ರಿ, ನಿಲ್ಲಬ್ಯಾಡ್ರಿ, ಹಿಂದಕ್ಕ ಸರೀಬ್ಯಾಡ್ರಿ. ಒಂದ ನಡಿಗಿಲೆ ಸಾವಕಾಶ ಹೋಗ್ರಿ. ಅವರ ನಿಮ್ಮನ್ನ ಬಳಸಿ ಹೋಗ್ತಾರ.”

ಆ ಮೂರೂ ತಪ್ಪನ್ನು ನಾನು ಅದೇ ಕ್ರಮದಲ್ಲಿ ಮಾಡಿದೆ. ಮೊದಲು ಕೈ ಎತ್ತಿ ಓಡಿದೆ. ನನ್ನ ಕೈ ನೋಡಿ ಶಿಗ್ಗಾಂವದಲ್ಲಿ ದೊಡ್ಡ ದೊಡ್ಡ ಬಸ್ಸುಗಳೇ ನಿಂತಿವೆ, ಇಲ್ಲಿ ಒಂದು ಸೈಕಲ್ಲೂ ನಿಲ್ಲಲಿಲ್ಲ. ನಡುರಸ್ತೆಯಲ್ಲಿ ಗಕ್ಕನೆ ನಿಂತೆ, ಹಿಂದಕ್ಕೆ ಹಾರಿದೆ. ಕಿತ್ತಳೆ ಗಿಡದವನು ನನ್ನನ್ನು ಉಳಿಸಲು ಹೋಗಿ ಗಿಡವನ್ನು ಒಂದು ಸುತ್ತು ತಿರುಗಿಸಿದ. ಎಲೆಗಳು ನನ್ನ ತಲೆಯ ಮೇಲೆ ಉದುರಿದವು. ಅವನು ಬೈಯಲಿಲ್ಲ, ನಕ್ಕು ಹೋದ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಎಲೆ ಕೊಡವಿಕೊಂಡು ನೋಡಿದರೆ ಕಸ್ತೂರಿ ಆಗಲೇ ಆ ದಡದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಆಮೇಲೆ ಕೇಳಿದೆ, ಹೇಗೆ ದಾಟಿದೆ ಅಂತ.

“ನಮ್ಮ ತವರಮನಿ ಎಮ್ಮಿ ಹ್ಯಾಂಗ ರೋಡ್ ದಾಟತಿತ್ತು, ಹಂಗ ದಾಟಿದೆ. ಅದು ಯಾರನ್ನೂ ನೋಡತಿದ್ದಿಲ್ಲ, ಎಲ್ಲಾರೂ ಅದನ್ನ ನೋಡತಿದ್ರು.”

ಮಧ್ಯಾಹ್ನ ಕಾಫಿ ಕುಡಿಯಲು ಕುಳಿತೆವು. ಕುಳಿತೆವು ಅನ್ನುವುದು ದೊಡ್ಡ ಮಾತು. ಫುಟ್‌ಪಾತಿನ ಮೇಲೆ ಅಂಗನವಾಡಿ ಮಕ್ಕಳಿಗೆ ಮಾಡಿಸಿದಂಥ ಪ್ಲಾಸ್ಟಿಕ್ ಸ್ಟೂಲುಗಳು. ಕುಳಿತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಊರಿನ ದೊಡ್ಡ ದೊಡ್ಡ ಮನುಷ್ಯರು ಟೈ ಕಟ್ಟಿಕೊಂಡು ಅದರ ಮೇಲೆ ಕುಳಿತಿದ್ದಾರೆ, ಏಳುವ ಲಕ್ಷಣವೇ ಇಲ್ಲ. ಕಾಫಿ ಎಂದರೆ ಒಂದು ಗ್ಲಾಸು, ತಳದಲ್ಲಿ ಗಟ್ಟಿ ಸಿಹಿ ಹಾಲು, ಮೇಲೆ ಸಣ್ಣ ತೂತಿನ ಒಂದು ತಗಡಿನ ಬಟ್ಟಲು. ಅದರಿಂದ ಕಾಫಿ ಒಂದೊಂದೇ ಹನಿ ಇಳಿಯುತ್ತದೆ. ಒಂದು ಹನಿ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಹನಿ. ಈ ದೇಶ ಇಷ್ಟೆಲ್ಲ ಮುಂದುವರಿದಿದೆ, ತೂತನ್ನು ಸ್ವಲ್ಪ ದೊಡ್ಡದು ಮಾಡಬಾರದೇ ಅನ್ನಿಸಿತು. ಮುಚ್ಚಳ ತೆಗೆದು ಚಮಚದಿಂದ ಒತ್ತಿದೆ. ಬಟ್ಟಲು ಜಾರಿ ಎಲ್ಲವೂ ಬಸವಂತಪ್ಪನವರ ಬಿಳಿ ಧೋತರದ ಮೇಲೆ ಇಳಿಯಿತು, ಈ ಸಲ ಒಂದೇ ಸಲಕ್ಕೆ. ಅಂಗಡಿಯ ಹೆಂಗಸು ನನಗೆ ಬೇರೆ ಕಾಫಿ ತಂದಿಟ್ಟು, ಚಮಚವನ್ನು ಮಾತ್ರ ತಿರುಗಿ ಒಯ್ದಳು.

ಕಸ್ತೂರಿ ತನ್ನ ಗ್ಲಾಸಿನ ಹನಿಗಳನ್ನು ನೋಡುತ್ತ ಕುಳಿತಿದ್ದಳು. ಅವಳು ಎರಡು ಗುಟುಕು ಕುಡಿಯುವುದರೊಳಗೆ ನನ್ನ ಹಾಳೆಯ ಪ್ರಕಾರ ಹೊತ್ತಾಯಿತು, ಎಬ್ಬಿಸಿದೆ. ಅರ್ಧ ಗ್ಲಾಸು ಬಿಟ್ಟು ಎದ್ದಳು, ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅದು ಒಳ್ಳೆಯ ಲಕ್ಷಣವಲ್ಲ.

ಹುಯೆ

ಹುಯೆ ಹಳೆಯ ಅರಸರ ಊರು. ನಡುವೆ ಅಗಲವಾದ ನದಿ, ಮೇಲೆ ಸಣ್ಣ ಜಿಟಿಜಿಟಿ ಮಳೆ. ನಾವು ಹೋದ ದಿನ ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆಗೆ ಅಲ್ಲಿಯವರಲ್ಲಿ ಬಹಳ ಜನ ಮಾಂಸ ಮುಟ್ಟುವುದಿಲ್ಲ ಎಂದು ತಿಳಿದು ನಮ್ಮ ತಂಡದ ಹೆಂಗಸರಿಗೆ ಆ ದೇಶದ ಮೇಲೆ ಒಮ್ಮೆಲೇ ಪ್ರೀತಿ ಬಂತು. ನಾಲ್ಕು ದಿನಗಳಿಂದ ಊರಿಂದ ತಂದ ಸವಣೂರು ಖಾರದ ಕುರುಕಲಿನ ಪೊಟ್ಟಣಗಳ ಮೇಲೆ ಬದುಕಿದ್ದ ನಾವು ಒಂದು ಶಾಕಾಹಾರಿ ಊಟದ ಮನೆಗೆ ಹೋದೆವು. ನಡೆಸುವವಳು ನಲವತ್ತರ ಆಸುಪಾಸಿನ ಹೆಂಗಸು. ಮೂಲೆಯ ಮಂಚದ ಮೇಲೆ ಅವಳ ತಾಯಿ, ಎಂಬತ್ತು ದಾಟಿದ ಅಜ್ಜಿ, ಕುಳಿತು ನಮ್ಮನ್ನೆಲ್ಲ ನೋಡುತ್ತಿದ್ದಳು.

ಊಟ ಬಂತು. ಒಬ್ಬೊಬ್ಬರ ಮುಂದೆ ಒಂದು ತಟ್ಟೆ, ತಟ್ಟೆಯ ತುಂಬ ಹತ್ತು ಪುಟ್ಟ ಬಟ್ಟಲು. ಪ್ರತಿ ಬಟ್ಟಲಿನ ತಳದಲ್ಲಿ ಹಬೆಯಲ್ಲಿ ಬೆಂದ ಅಕ್ಕಿಹಿಟ್ಟಿನ ತೆಳ್ಳನೆಯ ಬಿಲ್ಲೆ, ಮೇಲೆ ಹೆಸರುಬೇಳೆಯ ಪುಡಿ, ಅದರ ಮೇಲೆ ಹುರಿದದ್ದೇನೋ ಗರಿಗರಿ. ಬಿದಿರಿನ ಒಂದು ಸೀಳಿನಿಂದ ಬಿಲ್ಲೆಯನ್ನು ಅಂಚಿನಿಂದ ಬಿಡಿಸಿ, ಒಂದಿಷ್ಟು ಸಾರು ಹನಿಸಿ, ಬಾಯಿಗಿಡಬೇಕು. ಆಮೇಲೆ ಮುಂದಿನ ಬಟ್ಟಲು. ಕೊಟ್ಟ ಹೊತ್ತು ಇಪ್ಪತ್ತೈದು ನಿಮಿಷ, ಬಟ್ಟಲು ಹತ್ತು. ನಾನು ಹತ್ತನ್ನೂ ಒಂದು ತಟ್ಟೆಗೆ ಕೆರೆದು ಹಾಕಿ, ಸಾರು ಸುರುವಿ, ಅನ್ನ ಸಾರು ಕಲಸಿದ ಹಾಗೆ ಕಲಸಿ, ಐದು ನಿಮಿಷದಲ್ಲಿ ಕೈ ತೊಳೆದೆ. ಮೂಲೆಯ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಳೋ ಮರುಗುತ್ತಿದ್ದಳೋ ತಿಳಿಯಲಿಲ್ಲ.

“ಲಗೂ ಬಾ,” ಎಂದು ಕಸ್ತೂರಿಗೆ ಹೇಳಿ, ಹಾಳೆ ಹಿಡಿದುಕೊಂಡು ಬಸ್ಸಿನ ಬಾಗಿಲಲ್ಲಿ ನಿಂತೆ. ಮುಂದಿನದು ಅರಸನೊಬ್ಬನ ಸಮಾಧಿ. ಜನ ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರಿಗೆ ಟಿಕ್ ಬಿತ್ತು. ಕೊನೆಗೆ ಎರಡು ಹೆಸರು ಉಳಿದವು, ನನ್ನದು ಮತ್ತು ಕಸ್ತೂರಿಯದು. ನನ್ನದಕ್ಕೆ ಟಿಕ್ ಹಾಕಿದೆ, ನಾನು ಅಲ್ಲೇ ನಿಂತಿದ್ದೆನಲ್ಲ. ಕೈ ಹಾಗೇ ಕೆಳಗಿಳಿದು ಅವಳದಕ್ಕೂ ಹಾಕಿತು. ನಾನಿದ್ದಲ್ಲಿ ಅವಳು ಇದ್ದೇ ಇರುತ್ತಾಳೆ ಎಂದು ಆ ಕೈಗೆ ಮೂವತ್ತೊಂದು ವರ್ಷದ ರೂಢಿ.

ಎಲ್ಲ ಸರಿಯಾಗಿತ್ತು. ಬಸ್ಸಿನ ಪಕ್ಕಕ್ಕೆ ಎರಡು ಏಟು ಹೊಡೆದೆ. “ಬಿಡ್ರಿ,” ಅಂದೆ.

ಆ ಡ್ರೈವರನಿಗೆ ಕನ್ನಡ ಬರುವುದಿಲ್ಲ. ಆದರೆ ಏಟಿನ ಭಾಷೆ ಎಲ್ಲ ದೇಶಕ್ಕೂ ಒಂದೇ ಇರಬೇಕು. ಬಾಗಿಲು ಮುಚ್ಚಿಕೊಂಡಿತು, ಬಸ್ಸು ಹೊರಟಿತು. ವಿನಾಯಕ ಮುಂದಿನ ಸೀಟಿನಲ್ಲಿ ಫೋನಿನಲ್ಲಿದ್ದ, ನನ್ನ ಲಿಸ್ಟನ್ನು ನಂಬಿದ್ದ. ನಾನು ಒಂದು ಹೆಜ್ಜೆ ಹಿಂದೆ ಸರಿದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಹೊತ್ತಿಗೆ ಸರಿಯಾಗಿ ಬಿಟ್ಟಿತು ಎಂದು ಬಹಳ ತೃಪ್ತಿಯಾಯಿತು. ಗಡಿಯಾರ ನೋಡಿಕೊಂಡು, ರೂಢಿಯಂತೆ, ಸ್ಟ್ಯಾಂಡಿನ ನನ್ನ ಆಫೀಸಿನ ಕಿಟಕಿಯ ಕಡೆ ತಿರುಗಿದೆ.

ಕಿಟಕಿ ಇರಲಿಲ್ಲ. ಹುಯೆ ಇತ್ತು, ಮಳೆ ಇತ್ತು.

ನನ್ನ ಫೋನು, ಕೊಡೆ, ಚೀಲ ಎಲ್ಲ ಬಸ್ಸಿನಲ್ಲಿದ್ದವು. ಒಂದು ಕ್ಷಣ ಕಸ್ತೂರಿಯೂ ಬಸ್ಸಿನಲ್ಲಿದ್ದಾಳೆ ಎಂದುಕೊಂಡೆ. ಆಮೇಲೆ ಅವಳು ಬಂದದ್ದನ್ನು ನಾನು ನೋಡಲೇ ಇಲ್ಲ ಎಂಬುದು ಹೊಳೆಯಿತು. ಒಳಗೆ ಓಡಿದೆ.

ಕಸ್ತೂರಿ ಇನ್ನೂ ಆರನೆಯ ಬಟ್ಟಲಿನಲ್ಲಿದ್ದಳು.

ಹುಯೆ, ಅದೇ ಮಧ್ಯಾಹ್ನ

“ಬಸ್ಸು?” ಎಂದು ಕೇಳಿದಳು.

“ಹೋತು.”

“ಯಾರು ಬಿಟ್ರು?”

“ನಾನ.”

ಅವಳು ನಕ್ಕದ್ದನ್ನು ನಾನು ಬರೆಯಲಾರೆ. ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಏನಾಯಿತೆಂದು ಕೈಸನ್ನೆಯಲ್ಲಿ ತಿಳಿದುಕೊಂಡು ಅಂಗಡಿಯಾಕೆ ನಕ್ಕಳು, ಅಜ್ಜಿ ನಕ್ಕಳು, ಆಚೆ ಮೇಜಿನ ಅಪರಿಚಿತರೂ ನಕ್ಕರು. ಆಮೇಲೆ ಅಂಗಡಿಯಾಕೆ ಊಟಕ್ಕೆ ಹೇಳಿದವರಿಗೆ ಫೋನು ಹಚ್ಚಿ ಮಾತಾಡಿ, ತನ್ನ ಮೊಬೈಲಿಗೆ ಏನೋ ಹೇಳಿದಳು. ಅದು ನಮ್ಮ ಕಡೆ ತಿರುಗಿ, ಕನ್ನಡದಲ್ಲಿ “ವಾಹನವು ಎರಡು ಗಂಟೆಗಳ ನಂತರ ಮರಳುವುದು. ದಯವಿಟ್ಟು ಆಸೀನರಾಗಿರಿ,” ಅಂದಿತು.

“ಇದು ಸಾಲಿ ಮಾಸ್ತರ ಹಂಗ ಮಾತಾಡ್ತೈತಿ. ಕುಂದರ್ರಿ,” ಎಂದಳು ಕಸ್ತೂರಿ.

ಆಸೀನನಾದೆ. ಮಾಡಲು ಏನೂ ಇರಲಿಲ್ಲ. ಹಾಳೆಯಲ್ಲಿ ಎಲ್ಲ ಹೆಸರಿಗೂ ಟಿಕ್ ಬಿದ್ದಿತ್ತು. ಹೊರಗೆ ಮಳೆ. ಎದುರಿಗೆ ಹೆಂಡತಿ ಊಟ ಮಾಡುತ್ತಿದ್ದಳು. ನೋಡಿದೆ.

ಅವಳು ಬಿದಿರಿನ ಸೀಳನ್ನು ಅಂಚಿನ ಸುತ್ತ ಒಂದು ಸುತ್ತು ಆಡಿಸುತ್ತಾಳೆ. ಬಿಲ್ಲೆ ಮುರಿಯದಂತೆ ಎತ್ತುತ್ತಾಳೆ. ಬಾಯಿಗಿಟ್ಟ ಮೇಲೆ ಕಣ್ಣು ಅರೆಮುಚ್ಚುತ್ತವೆ. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಆ ಕೈ ಸುಮ್ಮನೆ ಇರುವುದನ್ನೇ ನಾನು ಕಂಡಿರಲಿಲ್ಲ. ಗರಿಗರಿ ಇದ್ದದ್ದನ್ನು ಬದಿಗೆ ಎತ್ತಿಟ್ಟು ಕೊನೆಗೆ ತಿನ್ನುತ್ತಾಳೆ, ಸಣ್ಣ ಮಕ್ಕಳ ಹಾಗೆ. ಮೂವತ್ತೊಂದು ವರ್ಷ ಇವಳ ಕೈಯ ಊಟ ಉಂಡವನು ನಾನು. ಇವಳು ಉಣ್ಣುವುದನ್ನು ಮಾತ್ರ ನೋಡಿರಲಿಲ್ಲ. ಮದುವೆ ಮುಂಜಿಗಳಲ್ಲಿ ಗಂಡಸರ ಪಂಕ್ತಿ ಬೇರೆ, ಹೆಂಗಸರ ಪಂಕ್ತಿ ಬೇರೆ. ಮನೆಯಲ್ಲಿ ನಾನು ಕುಳಿತಾಗ ಅವಳು ಬಿಸಿ ರೊಟ್ಟಿ ಬಡಿದು ಬಡಿದು ಹಾಕುತ್ತಿದ್ದಳು, ನಾನು ಉಂಡು ಸ್ಟ್ಯಾಂಡಿಗೆ ಓಡುತ್ತಿದ್ದೆ.

“ನೀ ಇಷ್ಟ ಸಾವಕಾಶ ಉಣ್ತೀ ಅಂತ ನನಗ ಗೊತ್ತಿದ್ದಿಲ್ಲ,” ಅಂದೆ.

“ಹ್ಯಾಂಗ ಗೊತ್ತಿರಬೇಕ್ರಿ? ನೀವು ಹೋದ ಮ್ಯಾಲೆ ನಾ ತಾಟು ಹಚ್ಚಿಕೊಂಡು ಹಿತ್ತಲ ಬಾಗಲದಾಗ ಕುಂದರತಿದ್ದೆ. ಒಂದ ತಾಸು. ಹೊರಗ ಬೇವಿನ ಗಿಡ, ಅದರಾಗ ಅಳಿಲು. ದಿನಾ ಅದ ಒಂದ ತಾಸು ನಂದು.” ಏಳನೆಯ ಬಟ್ಟಲನ್ನು ಎಳೆದುಕೊಂಡಳು. “ನೀವು ಮನೀಗೆ ಬಂದು ಕುಂತ್ರಿ. ಮೊದಲನೆ ತುತ್ತು ಬಾಯಾಗ ಇಡೂದ್ರಾಗ ಪಡಸಾಲ್ಯಾಗಿಂದ ಒದರೂದು, ಆತೇನು, ಎಲಿಯಡಿಕಿ ತಾ ಅಂತ. ಎಂಟ ತಿಂಗಳಾತು, ನಾನೂ ನಿಮ್ಮಂಗ ನುಂಗಾಕತ್ತೇನಿ. ಉಂಡದ್ದ ತಿಳಿವಲ್ದು.”

“ಸವಣೂರಿಗೆ ಹೋಗೂದು ಅದಕ್ಕೇನು?”

“ಮತ್ಯಾಕ್ರಿ. ಎಲಿ ಕಟ್ಟಾಕ ಅಣ್ಣಗ ಮಂದಿ ಸಿಗ್ತಾರ. ನನಗ ಕುಂತು ಉಣ್ಣಾಕ ಜಾಗಾ ಬೇಕಾಗೇತಿ.”

ನನಗೆ ನಾಚಿಕೆಯಾಯಿತು. ಅವಳನ್ನು ಬೈದಿಲ್ಲ, ಕುಡಿದು ಬಂದಿಲ್ಲ, ಸಂಬಳ ತಂದು ಕೈಗಿಟ್ಟಿದ್ದೇನೆ ಎಂದು ನನ್ನನ್ನು ನಾನು ಒಳ್ಳೆಯ ಗಂಡಂದಿರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದೆ. ಒಂದು ಊಟ ಕಸಿದುಕೊಂಡವನು ಆ ಸಾಲಿನಲ್ಲಿ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಸಾರಿನ ಬಟ್ಟಲನ್ನು ಅವಳ ಹತ್ತಿರ ಸರಿಸಿದೆ.

ಊಟ ಮುಗಿದ ಮೇಲೆ ಮೂಲೆಯ ಅಜ್ಜಿ ತನ್ನ ಡಬ್ಬಿ ತೆರೆದಳು. ಒಳಗೆ ವೀಳ್ಯದೆಲೆ, ಹಸಿ ಅಡಿಕೆ, ಸುಣ್ಣ. ಕಸ್ತೂರಿ ಕರೆಯದೆಯೇ ಎದ್ದು ಹೋಗಿ ಮಂಚದ ಮೇಲೆ ಕುಳಿತಳು. ಸವಣೂರಿನ ಎಲೆತೋಟದ ಮಗಳಿಗೆ ಎಲೆ ಕಂಡರೆ ಪರದೇಶವೆಲ್ಲಿಂದ ಉಳಿಯಬೇಕು. ಒಂದೆಲೆ ತೆಗೆದು ಸೆರಗಿಗೆ ಒರೆಸಿದಳು, ತೊಟ್ಟು ಚಿವುಟಿದಳು, ತುದಿ ಚಿವುಟಿದಳು, ಬೆನ್ನಿನ ನರ ಬಿಡಿಸಿದಳು. ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿ, ತಾನು ಮಡಿಸುವ ರೀತಿ ತೋರಿಸಿದಳು. ಎಲೆಯ ಎರಡು ಅಂಚನ್ನು ಕತ್ತರಿಸಿ ಹಕ್ಕಿಯ ರೆಕ್ಕೆಯಂತೆ ಬಿಚ್ಚಿಡುವುದು. ಕಸ್ತೂರಿ ತನ್ನ ರೀತಿ ತೋರಿಸಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಒಂದು ತಾಸು ಮಾತಾಡಿದರು. ಮೊಬೈಲಿನ ಮಾಸ್ತರನನ್ನು ಯಾರೂ ಕರೆಯಲಿಲ್ಲ.

“ಎಲಿ ಸ್ವಲ್ಪ ಖಾರ ಐತಿ. ನಮ್ಮ ಸವಣೂರದ್ದು ಇದಕ್ಕಿಂತ ಮೆತ್ತಗ,” ಎಂದು ನನಗೊಂದು ಬೀಡ ಕೊಟ್ಟಳು. ನಾನು ಅದನ್ನು ಅಗಿಯುತ್ತ ಮಳೆ ನೋಡಿದೆ. ಎರಡು ತಾಸು ಏನೂ ಮಾಡದೆ ಕುಳಿತದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಬಸ್ಸು ಬಂದಾಗ ಇಷ್ಟು ಬೇಗ ಯಾಕೆ ಬಂತು ಅನ್ನಿಸಿದ್ದು ಸುಳ್ಳಲ್ಲ.

ಬಸ್ಸಿನಲ್ಲಿ ನನಗೆ ಚಪ್ಪಾಳೆ ಸಿಕ್ಕಿತು. ವಿನಾಯಕ ಬಹಳ ಮರ್ಯಾದೆಯಿಂದ ಹಾಳೆ ತೆಗೆದುಕೊಂಡು ಬಸವಂತಪ್ಪನವರಿಗೆ ಕೊಟ್ಟ. ಅವರು ಮೊದಲು ನನ್ನ ಹೆಸರಿಗೆ ಟಿಕ್ ಹಾಕಿ, “ಒಳಗ ಇದ್ದೀರೇನ್ರಿ ಖರೇನ?” ಎಂದು ಮುಟ್ಟಿ ನೋಡಿದರು. ಧೋತರದ ಸೇಡು ಅಷ್ಟಕ್ಕೇ ತೀರಿತು.

ಹೋಯಿ ಆನ್

ಹೋಯಿ ಆನ್ ಹಳದಿ ಗೋಡೆಗಳ, ಬಣ್ಣದ ಕಾಗದದ ದೀಪಗಳ ಊರು. ಅಲ್ಲಿ ನಾನು ನಿಧಾನವಾಗಿ ಬದುಕುವುದನ್ನು ಕಲಿಯಲು ನಿಶ್ಚಯಿಸಿದೆ. ನಿಶ್ಚಯಿಸಿದ ಮೇಲೆ ತಡ ಮಾಡುವವನು ನಾನಲ್ಲ. ಒಂದು ತುತ್ತಿಗೆ ಇಪ್ಪತ್ತು ಸಲ ಅಗಿಯುವುದು, ಊಟಕ್ಕೆ ನಲವತ್ತು ನಿಮಿಷ, ಕಾಫಿಗೆ ಇಪ್ಪತ್ತೈದು ಎಂದು ಗೊತ್ತು ಮಾಡಿದೆ. ಬೆಳಗಿನ ತಿಂಡಿಗೆ ಗಡಿಯಾರ ಮೇಜಿನ ಮೇಲಿಟ್ಟು ಬಾಯಲ್ಲಿ ಎಣಿಸುತ್ತ ಕುಳಿತಿದ್ದೆ.

“ಏನ್ರಿ ಅದು, ಹಲ್ಲು ನೋಯಾಕತ್ತಾವೇನು?” ಎಂದಳು ಕಸ್ತೂರಿ.

“ಸಾವಕಾಶ ಉಣ್ಣಾಕತ್ತೇನಿ. ಇನ್ನೂ ಹದಿನಾಲ್ಕು ನಿಮಿಷ ಐತಿ.”

“ಸಾವಕಾಶಕ್ಕೂ ಟೈಮ್ ಟೇಬಲ್ ಮಾಡಿದ್ರಿ?” ಅವಳು ಗಡಿಯಾರ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಊರು ಮುಟ್ಟುವ ತನಕ ಕೊಡಲಿಲ್ಲ.

ಅಲ್ಲಿಯ ಹೊಳೆಯಲ್ಲಿ ಬಿದಿರಿನ ಬುಟ್ಟಿ ದೋಣಿ ಹತ್ತಿಸಿದರು. ನಮ್ಮ ತುಂಗಭದ್ರೆಯ ಹರಿಗೋಲೇ, ಬೇರೆ ನೀರಿನಲ್ಲಿ. ದುಂಡಗಿನ ದೋಣಿಗೆ ಮುಂದು ಹಿಂದು ಇರುವುದಿಲ್ಲ. ಹುಟ್ಟು ಹಾಕುತ್ತಿದ್ದ ಮುದುಕ ಎಲ್ಲಿಗೂ ಒಯ್ಯದೆ, ಒಂದೇ ಕಡೆ ನಮ್ಮನ್ನು ತಿರುಗಿಸುತ್ತ ಕುಳಿತ. ಇನ್ನೊಂದು ದಡಕ್ಕೆ ಯಾವಾಗ ಮುಟ್ಟುತ್ತೇವೆ ಎಂದು ಸನ್ನೆಯಲ್ಲಿ ಕೇಳಿದೆ. ಅವನು ಹತ್ತಿದ ದಡವನ್ನೇ ತೋರಿಸಿದ. ಅಲ್ಲಿಂದ ಅಲ್ಲಿಗೇ. ಇದಕ್ಕೂ ಜನ ಸರತಿಯಲ್ಲಿ ನಿಂತಿದ್ದರು. ಎರಡನೆಯ ಸುತ್ತಿನಲ್ಲಿ ತಲೆ ತಿರುಗಿತು, ಐದನೆಯ ಸುತ್ತಿನಲ್ಲಿ ನಾನೂ ನಗುತ್ತಿದ್ದೆ. ಯಾಕೆ ಎಂದು ಈಗಲೂ ತಿಳಿಯದು.

ಕೊನೆಯ ಸಂಜೆ ಹೊಳೆಯ ದಂಡೆಯ ಮೇಲೆ ಅದೇ ಹನಿ ಕಾಫಿ. ಗಡಿಯಾರವಿಲ್ಲದೆ, ಚಮಚವಿಲ್ಲದೆ, ಗ್ಲಾಸು ತುಂಬುವ ತನಕ ಕುಳಿತೆ. ಕಸ್ತೂರಿ ತನ್ನದನ್ನು ಕೊನೆಯ ಗುಟುಕಿನವರೆಗೂ ಕುಡಿದಳು. ಇದೇ ಹೊತ್ತು ಎಂದುಕೊಂಡು ಕೇಳಿದೆ. “ಸವಣೂರಿಗೆ ಹೋಗೂದು ಇನ್ನೂ ಐತೇನು?”

“ಐತಿ.”

“ಈಗ ನೋಡು, ನಾ ಸುಮ್ನ ಕುಂತೇನಿ.”

“ಇಲ್ಲಿ ನಿಮಗ ಕೆಲಸಿಲ್ಲ, ಅದಕ್ಕ ಕುಂತೀರಿ. ಪರದೇಶದಾಗ ಎಲ್ಲಾರೂ ಶಾಣ್ಯಾರ. ಮನ್ಯಾಗ ಹನ್ನೆರಡೂವರಿ ಆದ ಕೂಡಲೇ ನಿಮ್ಮ ಹೊಟ್ಟಿ ಹಾರ್ನ್ ಹೊಡೀತೈತಲ್ಲ, ಅವಾಗ ನೋಡೂಣು.” ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು, ಅದಕ್ಕೇ ಬೇಸರವಾಯಿತು. ನನ್ನ ಒಂಬತ್ತು ದಿನ ಮುಗಿದಿದ್ದವು.

ಮತ್ತೆ ಶಿಗ್ಗಾಂವ

ಊರು ಮುಟ್ಟಿದ ಮರುದಿನ ಅವಳ ಚೀಲ ಬಾಗಿಲ ಹತ್ತಿರ ಬಂದು ಕುಳಿತಿತ್ತು. ಸವಣೂರಿಗೆ ಮಧ್ಯಾಹ್ನ ಒಂದೂ ನಲವತ್ತರ ಬಸ್ಸು. “ನಿಮಗ ಊಟಕ್ಕ ಹಾಕಿ ಹೋಗ್ತೇನಿ,” ಎಂದು ಬೆಳಿಗ್ಗೆಯೇ ಹೇಳಿದಳು.

ಹನ್ನೆರಡೂವರೆಗೆ ನನ್ನ ಹೊಟ್ಟೆ ಅವಳು ಹೇಳಿದಂತೆಯೇ ಹಾರ್ನ್ ಹೊಡೆಯಿತು. ಒಳಗಿನಿಂದ ಎಣ್ಣೆಗಾಯಿಯ ವಾಸನೆ, ಹಂಚಿನ ಮೇಲೆ ಮೊದಲ ರೊಟ್ಟಿ. ತಾಟು ಹಾಕಿ ಕರೆದಳು. ಹೋದೆ. ಇನ್ನೊಂದು ತಾಟು ತಂದು ನನ್ನದರ ಎದುರಿಗೆ ಇಟ್ಟೆ.

“ಇದು ಯಾರಿಗ್ರಿ?”

“ನಿನಗ. ನೀನೂ ಕುಂದರು.”

“ನಾ ಕುಂತ್ರ ಬಿಸಿ ರೊಟ್ಟಿ ಯಾರು ಬಡೀತಾರ?”

ಅದು ಸರಿಯಾದ ಪ್ರಶ್ನೆ. ಮೂವತ್ತೊಂದು ವರ್ಷ ಅವಳು ನನ್ನ ಜೊತೆ ಕೂಡದಿದ್ದುದಕ್ಕೆ ಅಷ್ಟೇ ಕಾರಣ, ಹಂಚಿನಿಂದ ಇಳಿದ ರೊಟ್ಟಿಯೇ ನನಗೆ ಬೇಕು. ಆರಿದ ರೊಟ್ಟಿಯ ಹೆಸರೆತ್ತಿದರೆ ಮುಖ ಸಿಂಡರಿಸುವವನು ನಾನು. ಸ್ವಲ್ಪ ಹೊತ್ತು ವಿಚಾರ ಮಾಡಿದೆ, ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ.

“ಎಲ್ಲಾ ಬಡಿದು ಮುಗಿಸು. ಆಮ್ಯಾಲೆ ಇಬ್ರೂ ಆರಿದ್ದ ಉಣ್ಣೂಣು.”

ಕಸ್ತೂರಿ ಹಿಟ್ಟಿನ ಕೈಯಲ್ಲೇ ತಿರುಗಿ ನನ್ನನ್ನು ನೋಡಿದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಖಾಲಿ ತಾಟಿನ ಮುಂದೆ ಕುಳಿತು ರೊಟ್ಟಿ ಒಂದೊಂದೇ ಬುಟ್ಟಿಗೆ ಇಳಿದು ಆರುವುದನ್ನು ನೋಡಿದೆ. ಸಂಕಟ ಅಂದರೆ ಏನೆಂದು ಹಸಿದವನಿಗೇ ಗೊತ್ತು. ಒಂದು ಗಂಟೆ ದಾಟಿದ ಮೇಲೆ ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎದುರಿಗೆ ಬಂದು ಕುಳಿತಳು. ಹೊಸ ಜಾಗಕ್ಕೆ ಬಂದವರ ಹಾಗೆ ಒಮ್ಮೆ ಆಚೆ ಈಚೆ ನೋಡಿದಳು. ಆಮೇಲೆ ರೊಟ್ಟಿ ಮುರಿದಳು.

ನಾನು ಎಷ್ಟೇ ಸಾವಕಾಶ ಉಂಡರೂ ಹತ್ತು ನಿಮಿಷದಲ್ಲಿ ಮುಗಿಯಿತು. ಏಳಲಿಲ್ಲ. ಎಂಜಲು ಕೈ ಒಣಗಿ ಬಿಗಿದುಕೊಂಡಿತು, ಹಾಗೇ ಕುಳಿತೆ. ಅವಳು ಬದನೆಕಾಯಿಯ ತೊಟ್ಟು ಚೀಪಿ ಬದಿಗಿಟ್ಟಳು. ಚಟ್ನಿಗೆ ಮೊಸರು ಕಲಸಿಕೊಂಡಳು. ಸುಧಾ ಸಣ್ಣವಳಿದ್ದಾಗ ರೊಟ್ಟಿಯಲ್ಲಿ ಚಂದ್ರ ಮಾಡಿಕೊಡು ಎಂದು ಹಟ ಹಿಡಿಯುತ್ತಿದ್ದ ಕಥೆ ಹೇಳಿದಳು. ನಾನು ಕೇಳಿರಲಿಲ್ಲ. ಆ ಹೊತ್ತಿನಲ್ಲೆಲ್ಲ ನಾನು ಹಾನಗಲ್ಲಿನ ಬಸ್ಸು ಬಿಡುತ್ತಿದ್ದೆ.

ನಮ್ಮ ಮನೆ ಸ್ಟ್ಯಾಂಡಿಗೆ ಹತ್ತಿರ. ಒಂದೂ ಮೂವತ್ತಕ್ಕೆ ಸವಣೂರಿನ ಬಸ್ಸು ಒಳಗೆ ಬಂದದ್ದು ಕೇಳಿಸಿತು. ಒಂದೂ ಮೂವತ್ತೈದಕ್ಕೆ ಇಂಜಿನ್ ಹಚ್ಚಿದರು. ಗಡಿಯಾರ ಬೇಕಾಗಿರಲಿಲ್ಲ, ಆ ಬಸ್ಸು ನನ್ನ ಕಿವಿಯೊಳಗೇ ಇದೆ. ಬಾಯಿಯವರೆಗೆ ಬಂದ ಕೂಗನ್ನು ನುಂಗಿಕೊಂಡೆ. ಕಸ್ತೂರಿ ಮೊಸರಿಗೆ ಉಪ್ಪು ಹಾಕಿ ಕಲಸುತ್ತಿದ್ದಳು. ಬಸ್ಸಿನ ಪಕ್ಕಕ್ಕೆ ಯಾರೋ ಎರಡು ಏಟು ಹೊಡೆದರು. ಅದು ಹೊರಟು, ತಿರುವಿನಲ್ಲಿ ಹಾರ್ನ್ ಮಾಡಿ, ಹೋಯಿತು.

“ಒಂದೂ ನಲವತ್ತು ಹೋತು,” ಎಂದಳು ಕಸ್ತೂರಿ, ತಾಟಿನಿಂದ ತಲೆ ಎತ್ತದೆ.

“ಹೂಂ.”

“ನಿಮಗ ಗೊತ್ತಿತ್ತಲ್ರಿ. ಯಾಕ ಹೇಳಲಿಲ್ಲ?”

“ನೀ ಉಣ್ಣಾಕತ್ತಿದ್ದಿ.”

ಅವಳು ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ಮುಗಿಸಿದಳು. “ಮುಂದಿನದು ಎಷ್ಟಕ್ಕ ಐತಿ?”

ಎರಡೂ ಇಪ್ಪತ್ತಕ್ಕೆ ಒಂದು, ಮೂರಕ್ಕೆ ಒಂದು, ಮೂರೂ ಮುಕ್ಕಾಲಿಗೆ ಹುಲಗೂರಿನ ಮೇಲೆ ಹಾಯ್ದು ಒಂದು. ಮೂವತ್ತೆರಡು ವರ್ಷ ಆ ಕಿಟಕಿಗೆ ಬಂದು ಕೇಳಿದವರಿಗೆ ಒಮ್ಮೆಯೂ ನಾನು ತಪ್ಪು ಹೇಳಿದವನಲ್ಲ.

“ನೆನಪಿಲ್ಲ,” ಅಂದೆ.

ಕಸ್ತೂರಿ ನನ್ನ ಮುಖ ನೋಡಿದಳು. ಆಮೇಲೆ ಬುಟ್ಟಿಗೆ ಕೈ ಹಾಕಿ ಇನ್ನೊಂದು ರೊಟ್ಟಿ ತೆಗೆದುಕೊಂಡಳು.